ಮೊದಲ ತಟ್ಟೆ

ಲಿಮೆರಿಕ್
೨೯ ಏಪ್ರಿಲ್ ೨೦೨೫, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಸಿಂಧು ಮಾಡುವ ನಮಸ್ಕಾರಗಳು. ಅಮ್ಮನ ಮಂಡಿನೋವು ಹೇಗಿದೆ? ರಿಪೇರಿಗೆ ಕೊಟ್ಟ ಗ್ರೈಂಡರ್ ಬಂತೇ? ಭಾನುವಾರದಿಂದ ನಾನು ನಿಮ್ಮ ಫೋನ್ ಎತ್ತಿಲ್ಲ, ಮೊದಲು ಅದಕ್ಕೆ ಕ್ಷಮಿಸಿ. "ಹುಷಾರಾಗಿದ್ದೀನಿ, ಕಾಗದ ಬರುತ್ತೆ, ಅಲ್ಲಿವರೆಗೆ ಹೃಷಿ ಫೋನ್ ಮಾಡಿದ್ರೂ ಎತ್ತಬೇಡಿ" ಎಂದಷ್ಟೇ ಮೆಸೇಜ್ ಹಾಕಿ ಸುಮ್ಮನಾದೆ. ಓದಿ ನೀವಿಬ್ಬರೂ ಎಷ್ಟು ಗಾಬರಿಯಾಗಿದ್ದೀರೋ. ಆದರೆ ಇದು ಫೋನಿನಲ್ಲಿ ಹೇಳುವಂಥದ್ದಲ್ಲ ಅಪ್ಪ. ನೀವು ಸ್ಪೀಕರ್ ಹಾಕಿ ಗಲ್ಲಾದ ಮೇಲಿಟ್ಟುಬಿಡುತ್ತೀರಿ. ಕೈ ತೊಳೆದು ಬಂದವರೆಲ್ಲ "ಏನವ್ವಾ, ಅಲ್ಲಿ ಭಾರೀ ಚಳಿಯಂತಲ್ಲ" ಎಂದು ನಡುವೆ ಬಾಯಿ ಹಾಕುತ್ತಾರೆ. ಅದೂ ಅಲ್ಲದೆ ನನಗೆ ಬಾಯಿಗಿಂತ ಕೈ ವಾಸಿ. ಚಿಕ್ಕವಳಿದ್ದಾಗ ಗಿರಾಕಿಗಳು ಹೆಸರು ಕೇಳಿದರೆ ಸಾರಿನ ದೊಡ್ಡ ಪಾತ್ರೆಯ ಹಿಂದೆ ಅಡಗಿಕೊಳ್ಳುತ್ತಿದ್ದವಳು, ಈಗ ಎಂ.ಎ. ಮಾಡಿ ಲೈಬ್ರರಿಯ ಪುಸ್ತಕದ ಕಪಾಟುಗಳ ಹಿಂದೆ ಅಡಗಿದ್ದೇನೆ, ಅಷ್ಟೇ ವ್ಯತ್ಯಾಸ. ಇಲ್ಲಿ ನನ್ನ ಜೊತೆ ಓದಿದ ಶಶಾಂಕ್ ಗುರುವಾರ ಊರಿಗೆ ಹೊರಟಿದ್ದಾನೆ. ಮೈಸೂರಿಗೆ ಹೋಗುವಾಗ ಮಂಡ್ಯದಲ್ಲಿ ಇಳಿದು ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತಾನೆ. ಊಟ ಹಾಕದೆ ಕಳಿಸಬೇಡಿ.

ಹೃಷಿಕೇಶನ ತಂದೆ ತಾಯಿ ಬೆಂಗಳೂರಿನಿಂದ ಬಂದು ಭಾನುವಾರ ಊಟಕ್ಕೆ ಸೇರಿ ನನ್ನನ್ನು ನೋಡುವುದು, ಆ ಊಟ ಮುಗಿಯುವಷ್ಟರಲ್ಲಿ ಶ್ರಾವಣದಲ್ಲಿ ಮದುವೆಗೆ ಒಂದು ದಿನ ಗೊತ್ತುಮಾಡುವುದು ಎಂದಿತ್ತಲ್ಲ. ನಾವು ಗೌಡರು, ಅವರು ಬ್ರಾಹ್ಮಣರು ಎಂದು ಅವರು ಒಂದು ವರ್ಷ ಎಳೆದಾಡಿ ಕೊನೆಗೆ ಇದ್ದಕ್ಕಿದ್ದಂತೆ ಒಪ್ಪಿದಾಗ ನೀವು ಇಡೀ ಹೋಟೆಲಿಗೆ ಪಾಯಸ ಹಂಚಿದಿರಿ. ಯಾಕೆ ಒಪ್ಪಿದರು ಎಂದು ನಾನಾಗಲೀ ನೀವಾಗಲೀ ಕೇಳಲಿಲ್ಲ. ನನಗೆ ಅದು ಗೊತ್ತಾದದ್ದು ಭಾನುವಾರ, ಊಟಕ್ಕೆ ಹೋಗುವಾಗ ಹೃಷಿಯ ಕಾರಿನಲ್ಲಿ.

"ಸಿಂಧೂ, ಒಂದು ವಿಷಯ. ನಿಮ್ಮದು ಮಿಲಿಟರಿ ಹೋಟೆಲ್ ಅಂತ ಅಪ್ಪ ಅಮ್ಮಂಗೆ ಹೇಳಿಲ್ಲ ಕಣೆ," ಎಂದ. ಕಣ್ಣು ರಸ್ತೆಯ ಮೇಲೇ ಇತ್ತು.

"ಮತ್ತೇನಂತ ಹೇಳಿದೀಯ?"

"ಸಣ್ಣ ತಿಂಡಿ ಹೋಟೆಲು. ಬೆಳಗ್ಗೆ ಇಡ್ಲಿ, ಸಾಯಂಕಾಲ ದೋಸೆ. ನಿಮ್ಮಜ್ಜಿ ಕಾಲದಿಂದಲೇ ಮನೇಲಿ ಮಾಂಸ ಮುಟ್ಟಲ್ಲ ಅಂತ."

ನಾನು ನಕ್ಕುಬಿಟ್ಟೆ. ನೀಲಮ್ಮಜ್ಜಿ ಮಾಂಸ ಮುಟ್ಟುತ್ತಿರಲಿಲ್ಲವಂತೆ! ತನ್ನ ಕೈಯಾರೆ ತಲೆಮಾಂಸ ಸುಟ್ಟು, ಬೋಟಿ ತೊಳೆದು, ಆ ಹೋಟೆಲು ಕಟ್ಟಿದವಳು.

"ನಗಬೇಡ. ಹಾಗೆ ಹೇಳದಿದ್ರೆ ಅವ್ರು ಫ್ಲೈಟೇ ಹತ್ತುತಿರ್ಲಿಲ್ಲ."

"ಸುಳ್ಳಲ್ವಾ ಹೃಷಿ?"

"ಸುಳ್ಳಲ್ಲ, ಎಡಿಟಿಂಗು. ಲಿಟರೇಚರ್ ಓದಿದೋಳಿಗೆ ನಾನು ಹೇಳ್ಕೊಡ್ಬೇಕಾ? ಮದುವೆ ಆದ್ಮೇಲೆ ನಿಧಾನಕ್ಕೆ ಹೇಳೋಣ. ಇವತ್ತೊಂದಿನ ಹೂಂ ಅಂದ್ಕೊಂಡು ಕೂತಿರು. ನಿಂಗೆ ಮಾತು ಕಮ್ಮಿ, ಒಳ್ಳೇದೇ ಆಯ್ತು."

ಜನವರಿಯಲ್ಲಿ ಊರಿಗೆ ಬಂದಾಗ ಇದೇ ಹೃಷಿ ನಮ್ಮ ಹೋಟೆಲಿನ ಮೂಲೆ ಮೇಜಿನಲ್ಲಿ ಕೂತು ಕಾಲು ಸೂಪನ್ನು ಎರಡು ಸಲ ಹಾಕಿಸಿಕೊಂಡಿದ್ದ. "ಎಲೆಯೊಂದು ಬಿಟ್ಟವ್ನೆ ಕಣವ್ವ ನಿನ್ ಹುಡ್ಗ" ಎಂದು ನೀವು ಫೋನಿನಲ್ಲಿ ಹಿಗ್ಗಿದ್ದಿರಿ. ಅದು ನೆನಪಾಗಿ ಅವನ ಮುಖ ನೋಡಿದೆ. ಅವನು ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದ.

ಊಟ ಯಾರ ಮನೆಯಲ್ಲೂ ಅಲ್ಲ, ಇದೇ ಊರಿನಲ್ಲಿ ಪೋಲೆಂಡಿನವರ ಒಂದು ಹೋಟೆಲಿನಲ್ಲಿ. ಹೃಷಿಯ ಅಕ್ಕ ವಂದನಾ ವಾಟರ್‌ಫರ್ಡ್‌ನಲ್ಲಿ ಡಾಕ್ಟರು, ಅವರ ಗಂಡ ಮಾರೆಕ್ ಪೋಲೆಂಡಿನವರು. ಅವರಲ್ಲಿ ಹುಟ್ಟಿದ ದಿನಕ್ಕಿಂತ ಹೆಸರಿನ ಸಂತರ ದಿನ ದೊಡ್ಡದಂತೆ. ಮಾರೆಕ್ ಎಂಬ ಹೆಸರಿನವರದು ಶುಕ್ರವಾರ ಇತ್ತು, ಅದನ್ನೂ ನನ್ನನ್ನು ನೋಡುವುದನ್ನೂ ಒಂದೇ ಊಟದಲ್ಲಿ ಮುಗಿಸೋಣ ಎಂದು ಮಾರೆಕ್ ತಮ್ಮ ಸ್ನೇಹಿತ ಯಾನುಷ್‌ನ ಹೋಟೆಲಿಗೆ ಎಲ್ಲರನ್ನೂ ಕರೆದಿದ್ದರು. ಹೋಟೆಲಿನ ಹೆಸರು 'ಬೋಚಾನ್', ಅಂದರೆ ಕೊಕ್ಕರೆ. ಬಾಗಿಲ ಮೇಲೆ ಒಂದು ಕಾಲಿನಲ್ಲಿ ನಿಂತ ಕೊಕ್ಕರೆಯ ಚಿತ್ರವಿತ್ತು. ನಮ್ಮ ಕೊಕ್ಕರೆ ಬೆಳ್ಳೂರಿನಿಂದ ದಾರಿ ತಪ್ಪಿ ಬಂದ ಹಾಗಿತ್ತು.

ಬಾಗಿಲು ತೆಗೆದೊಡನೆ ನನ್ನ ಕಾಲು ನಿಂತುಬಿಟ್ಟಿತು. ಈರುಳ್ಳಿಯ ಜೊತೆ ಕರಗುವ ಕೊಬ್ಬು, ಹೊಗೆ ಹತ್ತಿದ ಮಾಂಸ, ಹುಳಿ ಬಂದ ಎಲೆಕೋಸು. ಎಲೆಕೋಸೊಂದು ಬಿಟ್ಟರೆ ಅದು ಭಾನುವಾರ ಹನ್ನೊಂದು ಗಂಟೆಯ ನಮ್ಮ ಅಡುಗೆಮನೆಯೇ. ದಪ್ಪ ಮರದ ಬೆಂಚುಗಳು, ಆವಿ ಹಿಡಿದ ಕಿಟಕಿ ಗಾಜು, ಅಂಗಿಯ ತೋಳು ಮಡಚಿ ಮಾತಿಲ್ಲದೆ ಉಣ್ಣುವ ಗಂಡಸರು. ಗಲ್ಲಾದ ಹಿಂದಿನ ಗೋಡೆಯಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಮುದುಕಿಯ ಫೋಟೊ, ಅದರ ಕೆಳಗೆ ಪುಟ್ಟ ಗ್ಲಾಸಿನಲ್ಲಿ ಹಳದಿ ಹೂವು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಯಾನುಷ್ ಇಂಗ್ಲಿಷಿನಲ್ಲಿ, "ನನ್ನಜ್ಜಿ. ಇಲ್ಲಿನ ಅಡುಗೆಯೆಲ್ಲ ಅವಳದು" ಎಂದ.

ನಮ್ಮ ಗಲ್ಲಾದ ಹಿಂದಿನ ಗೋಡೆ ನೆನಪಾಯಿತು. ಬಾಗಿಲು ತೆಗೆಯುವ ಮೊದಲು ಅಲ್ಲಿನ ಅಜ್ಜಿಯ ಫೋಟೊದ ಕೆಳಗೆ ನೀವು ದಿನವೂ ಇಡುವ ಮೊದಲ ತಟ್ಟೆ: ಒಂದು ಮುದ್ದೆ, ಸಾರು, ಮೇಲೊಂದು ನಲ್ಲಿ ಮೂಳೆ. ಅಜ್ಜಿ ಉಣ್ಣದೆ ಗಿರಾಕಿ ಉಣ್ಣುವ ಹಾಗಿಲ್ಲ. ಆಮೇಲೆ ಆ ತಟ್ಟೆ ಯಾರು ಮೊದಲು ಹಸಿದು ಬಂದರೋ ಅವರಿಗೆ. ಯಾನುಷ್‌ಗೆ ಇದನ್ನು ಹೇಳಬೇಕೆನಿಸಿತು. ಆದರೆ ಹೃಷಿಯ ಅಮ್ಮ ಕಮಲಾ ಆಂಟಿ ಆಗಲೇ ಬೆಂಚಿನ ಮೇಲೆ ನನಗೆ ಜಾಗ ಮಾಡುತ್ತಿದ್ದರು.

ಅವರು ಕೆಟ್ಟವರಲ್ಲ ಅಪ್ಪ. ಬಂದ ಕೂಡಲೇ ನನ್ನ ಕೈ ಹಿಡಿದು, "ಎಷ್ಟು ತಣ್ಣಗಿದೆಯಲ್ಲ, ಗ್ಲೌಸ್ ಹಾಕ್ಕೊಳ್ಳಲ್ವೇನಮ್ಮ?" ಎಂದು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು ಉಜ್ಜಿದರು. ಹೃಷಿಯ ಅಪ್ಪ ಮಧುಸೂದನ ಅವರು ಬ್ಯಾಂಕಿನಿಂದ ರಿಟೈರಾದವರು. ನಾನು ಯಾವ ಲೇಖಕರನ್ನು ಓದುತ್ತೇನೆ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಂಡರು. ಅಷ್ಟು ಚೆನ್ನಾಗಿ ನೋಡಿಕೊಂಡದ್ದರಿಂದಲೇ ನನಗೆ ಅವರ ಮುಖ ನೋಡಿ ಉತ್ತರಿಸುವುದು ಕಷ್ಟವಾಗುತ್ತಿತ್ತು.

ಆ ಹೋಟೆಲಿನಲ್ಲಿ ಊಟ ಹೇಳುವ ಮೊದಲೇ ಪ್ರತಿ ಮೇಜಿಗೂ ಬ್ರೆಡ್ಡು, ಉಪ್ಪುನೀರಿನ ಸೌತೆಕಾಯಿ, ಜೊತೆಗೆ ಒಂದು ಮಣ್ಣಿನ ಬಟ್ಟಲು ತಂದಿಡುತ್ತಾರೆ. ಮಾರೆಕ್ ಗಲ್ಲಾದ ಹತ್ತಿರ ಯಾನುಷ್ ಜೊತೆ ಹರಟುತ್ತಿದ್ದರು. ವಂದನಾ ಮಗಳು ಅನನ್ಯಾಳ ಕೈ ತೊಳೆಸಲು ಹೋಗಿದ್ದರು. ಹೃಷಿ ಫೋನಿನಲ್ಲಿ ಏನೋ ಟೈಪ್ ಮಾಡುತ್ತಿದ್ದ.

"ಬೆಣ್ಣೆ ನೋಡ್ರಿ ಎಷ್ಟು ಬೆಳ್ಳಗಿದೆ, ಮನೇಲಿ ಕಡೆದ ಹಾಗೆ," ಎಂದು ಆಂಟಿ ಬಟ್ಟಲಿನಿಂದ ಧಾರಾಳವಾಗಿ ತೆಗೆದು ಬ್ರೆಡ್ಡಿಗೆ ಸವರಿಕೊಂಡರು.

ಬೆಣ್ಣೆಯಲ್ಲಿ ಕಂದು ಚೂರುಗಳಿರುವುದಿಲ್ಲ. ಕೊಬ್ಬು ಕರಗಿಸಿದಾಗ ತಳದಲ್ಲಿ ಉಳಿಯುವ ಗರಿಗರಿ ಚೂರು ಅದು. ಅಮ್ಮ ಅದಕ್ಕೆ ಉಪ್ಪುಖಾರ ಉದುರಿಸಿ ನನ್ನ ಅಂಗೈಗೆ ಹಾಕುತ್ತಿದ್ದಳು. ನೋಡಿದೊಡನೆ ನನಗೆ ಗೊತ್ತಾಯಿತು, ಗೊತ್ತಾಗಬಾರದಿತ್ತು ಎಂದೂ ಗೊತ್ತಾಯಿತು. ಅಜ್ಜಿಯ ಕಾಲದಿಂದ ಮಾಂಸ ಮುಟ್ಟದ ಮನೆಯ ಹುಡುಗಿಗೆ ಕೊಬ್ಬಿನ ಗುರುತು ಹೇಗಿರಬೇಕು? ಬ್ರೆಡ್ಡು ಅವರ ಬಾಯಿಯ ಹತ್ತಿರ ಹೋಗುತ್ತಿತ್ತು. ಹೃಷಿ ತಲೆ ಎತ್ತಲೇ ಇಲ್ಲ. ನಾನು ಮೇಜಿನ ಮೇಲೆ ಬಾಗಿ ಅವರ ಮಣಿಕಟ್ಟು ಹಿಡಿದುಕೊಂಡೆ.

"ಬೇಡ ಆಂಟಿ."

"ಯಾಕಮ್ಮ?"

"ಅದು ಬೆಣ್ಣೆ ಅಲ್ಲ. ಹಂದಿ ಕೊಬ್ಬು."

ಬ್ರೆಡ್ಡು ಕೈಯಿಂದ ಜಾರಿ ಮೇಜಿಗೆ ಬಿತ್ತು. "ಕೃಷ್ಣ ಕೃಷ್ಣ" ಎನ್ನುತ್ತ ಅವರು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿದರು. "ನಿನ್ನಿಂದ ಉಳ್ಕೊಂಡೆ ಕಣಮ್ಮ" ಎಂದರು. ಆಮೇಲೆ ಕೈ ನಿಂತಿತು. "ನಿಂಗೆ ಹೆಂಗೆ ಗೊತ್ತಾಯ್ತು? ನೋಡಿದ ತಕ್ಷಣ?"

ಹೃಷಿ ಈಗ ತಲೆ ಎತ್ತಿದ. "ಪುಸ್ತಕದ ಹುಳ ಅಮ್ಮ ಅವಳು. ಎಲ್ಲೋ ಓದಿರ್ತಾಳೆ."

"ಹೌದಾ?" ಎಂದರು ನನ್ನನ್ನೇ ನೋಡುತ್ತ.

ನಾನು ಹೂಂ ಎಂದೆ.

ಊಟ ಬಂತು. ನಮಗೆಲ್ಲ ಆಲೂಗಡ್ಡೆ, ಗಿಣ್ಣಿನಂಥ ಬೆಳ್ಳನೆಯ ಚೀಸು ತುಂಬಿ ನಮ್ಮ ಕಡುಬಿನ ಹಾಗೆ ಮಡಿಸಿ ಬೇಯಿಸಿದ್ದು. ಮಾರೆಕ್‌ಗೆ ಇಡೀ ಹಂದಿಕಾಲಿನ ಮಂಡಿಯ ಭಾಗ, ಚರ್ಮ ಕೆಂಪಗೆ ಸೀದು ಮಿರುಗುತ್ತಿತ್ತು, ನಡುವೆ ಮೂಳೆ ಕಂಬದ ಹಾಗೆ ನಿಂತಿತ್ತು. ಮಧುಸೂದನ ಅಂಕಲ್ ನಕ್ಕರು. "ನಮ್ಮಳಿಯನ ತಟ್ಟೆ ಎತ್ತೋಕೆ ಇಬ್ರು ಬೇಕು ನೋಡಿ." ಆಂಟಿ ತಾವೇ ಸಾಸಿವೆಯ ಬಟ್ಟಲನ್ನು ಅಳಿಯನ ಕಡೆ ತಳ್ಳಿ, "ಟೇಕ್, ಟೇಕ್, ಈಟ್ ವೆಲ್" ಎಂದು ಉಪಚರಿಸಿದರು. ನನಗೆ ಆಶ್ಚರ್ಯವಾಯಿತು. ಹಾಗಾದರೆ ಹೃಷಿ ಸುಮ್ಮನೆ ಹೆದರುತ್ತಿದ್ದಾನೆ, ಇವರ ಮುಂದೆ ನಿಜ ಹೇಳಬಹುದು ಎಂದುಕೊಂಡು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು.

"ಅವ್ರು ಹುಟ್ಟಿದ್ದೇ ಹಾಗಮ್ಮ. ಚಳಿ ದೇಶ, ಪಾಪ, ಏನ್ ಮಾಡ್ತಾರೆ. ಅದನ್ನ ನಾನು ಸಹಿಸ್ಕೋತೀನಿ. ಆದ್ರೆ ನಮ್ಮಲ್ಲೇ ಹುಟ್ಟಿ, ನಮ್ಮ ನೀರು ಕುಡಿದು ತಿನ್ನೋರನ್ನ ಕಂಡ್ರೆ ನಂಗಾಗಲ್ಲ. ಅದಕ್ಕೇ ಹೃಷಿ ನಿಮ್ಮನೆ ವಿಷಯ ಹೇಳಿದಾಗ ನಂಗೆ ಜೀವ ಬಂದಂಗಾಯ್ತು."

ಕಡುಬು ಬಾಯಲ್ಲೇ ಉಳಿಯಿತು. ಮೇಜಿನ ಕೆಳಗೆ ಹೃಷಿಯ ಕಾಲು ನನ್ನ ಕಾಲನ್ನು ಒತ್ತಿತು.

"ಊರಲ್ಲಿ ಈಗ ಸಾಯಂಕಾಲ ಅಲ್ವಾ? ಬೀಗರ ಮುಖ ನೋಡಿಬಿಡೋಣ," ಎಂದು ಅಂಕಲ್ ಫೋನ್ ತೆಗೆದರು. ನಿಮಗೆ ಏನೂ ಗೊತ್ತಿಲ್ಲ, ಹೆಗಲ ಮೇಲೆ ಟವಲು ಹಾಕಿಕೊಂಡು, "ಏನ್ ಸ್ವಾಮಿ, ಮಟನ್ ಊಟ ಆಯ್ತಾ?" ಎಂದು ಕೇಳಿಬಿಡುತ್ತೀರಿ ಎಂದು ಹೆದರಿದೆ. ನಿಜ ಹೇಳಲೇ ಅಪ್ಪ? ಒಳಗೊಳಗೆ ಹಾಗೆಯೇ ಆಗಲಿ ಎಂದೂ ಆಸೆಪಟ್ಟೆ. ಆಗ ಹೃಷಿ ಹೇಳಿದ, "ಮಾಡಿ ಅಪ್ಪ, ಕಾಯ್ತಿರ್ತಾರೆ." ಕಾಯುತ್ತಿರುತ್ತಾರೆಯೇ? ಯಾರು ಹೇಳಿದ್ದರು ನಿಮಗೆ ಕಾಯಲು?

ನೀವು ಕಂಡಿರಿ. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಭಾನುವಾರ ಸಂಜೆ ಬನಿಯನ್ನಿನಲ್ಲಿ ಬೆವರುತ್ತ ಪಾರ್ಸೆಲ್ ಕಟ್ಟಿಸುವ ಮನುಷ್ಯ ಮದುವೆ ಫೋಟೊಗೆ ಕೂತ ಹಾಗೆ ಕೂತಿದ್ದಿರಿ.

"ನಮಸ್ಕಾರ ಸ್ವಾಮಿ," ಎಂದಿರಿ. ಆ ದನಿಯನ್ನು ನಾನು ಹಿಂದೆ ಕೇಳಿದ್ದು ಮುನ್ಸಿಪಾಲಿಟಿಯವರು ಬಂದಾಗ ಮಾತ್ರ. ಅಂಕಲ್ ಕುಶಲ ವಿಚಾರಿಸಿ, ಹೋಟೆಲು ಹೇಗೆ ನಡೆಯುತ್ತಿದೆ ಎಂದರು.

"ನಮ್ದು ಸಣ್ಣ ತಿಂಡಿ ಹೋಟ್ಲು ಸ್ವಾಮಿ. ಬೆಳಗ್ಗೆ ಇಡ್ಲಿ, ಸಾಯಂಕಾಲ ದೋಸೆ. ನಮ್ಮವ್ವನ ಕಾಲ್ದಿಂದ್ಲೂ ಮನೇಲಿ ಮಾಂಸ ಮುಟ್ಟಲ್ಲ."

ಕಾರಿನಲ್ಲಿ ಹೃಷಿ ನನಗೆ ಹೇಳಿದ ಮಾತೇ. ಅದೇ ಇಡ್ಲಿ, ಅದೇ ದೋಸೆ, ಅದೇ ಕ್ರಮದಲ್ಲಿ. ಮಾಂಸ ಬಲಿತಿದ್ದರೆ ಗಿರಾಕಿ ಕೇಳುವ ಮೊದಲೇ "ಇವತ್ತು ಪೀಸ್ ಗಟ್ಟಿ ಐತೆ, ಬರೀ ಸಾರಲ್ಲಿ ಉಣ್ಣಿ" ಎಂದು ಹೇಳಿ ಕಾಸು ಕಡಿಮೆ ತೆಗೆದುಕೊಳ್ಳುವ ನೀವು, ಕಲಿಸಿದ ಪಾಠವನ್ನು ತಡವರಿಸದೆ ಒಪ್ಪಿಸಿದಿರಿ. ಎಷ್ಟು ಸಲ ಹೇಳಿಕೊಂಡು ಅಭ್ಯಾಸ ಮಾಡಿದ್ದಿರೋ.

"ಸಿಂಧುನೂ ಇಲ್ಲೇ ಇದಾಳೆ ನೋಡಿ," ಎಂದು ಅಂಕಲ್ ಫೋನನ್ನು ನನ್ನ ಕಡೆ ತಿರುಗಿಸಿದರು. ನೀವು ನನ್ನ ಕಣ್ಣು ನೋಡಲಿಲ್ಲ. ನನ್ನ ತಟ್ಟೆಯ ಕಡೆ ನೋಡಿ, "ಉಣ್ಣವ್ವ, ಹೊಟ್ಟೆ ತುಂಬ ಉಣ್ಣು," ಎಂದಿರಿ.

ಫೋನ್ ಇಟ್ಟ ಮೇಲೆ ಎಲ್ಲರಿಗೂ ಖುಷಿ. "ಎಷ್ಟು ಸಾತ್ವಿಕ ಮನುಷ್ಯ," ಎಂದರು ಆಂಟಿ. ಅಂಕಲ್ ಶ್ರಾವಣದ ದಿನಗಳನ್ನು ಹೇಳತೊಡಗಿದರು. ಹೃಷಿ ಬೆನ್ನು ಹಿಂದಕ್ಕೆ ಒರಗಿಸಿ ಉಸಿರುಬಿಟ್ಟ. ನಾನು ಮಾತ್ರ ನೀವು ಹೇಳಿದ ಕೊನೆಯ ಮಾತಿನಲ್ಲೇ ಇದ್ದೆ. ಆ ಇಡೀ ಫೋನಿನಲ್ಲಿ ನಿಮ್ಮ ಸ್ವಂತದ್ದು ಅದೊಂದೇ ಮಾತು.

ಮಾರೆಕ್ ಮಾಂಸವನ್ನೆಲ್ಲ ಬಿಡಿಸಿ ಮುಗಿಸುತ್ತ ಬಂದಿದ್ದರು. ಮೂಳೆಯ ಗೆಣ್ಣಿನ ಹತ್ತಿರದ್ದು ಹಾಗೆಯೇ ಉಳಿದಿತ್ತು. ನಾನು ಇಂಗ್ಲಿಷಿನಲ್ಲಿ, "ಮಾರೆಕ್, ಆ ಮೂಳೆ ನಾನು ತಗೊಳ್ಳಲಾ?" ಎಂದೆ. ಅವರ ಮುಖ ಅರಳಿತು. "ಗ್ರ್ಯಾಂಡ್! ಬೆಸ್ಟ್ ಪಾರ್ಟ್!" ಎಂದು ತಟ್ಟೆಯನ್ನೇ ನನ್ನ ಮುಂದೆ ಸರಿಸಿದರು.

ಕೈಯಲ್ಲೇ ತೆಗೆದುಕೊಂಡೆ. ಗೆಣ್ಣಿನ ಸುತ್ತ ಹಲ್ಲಿನಿಂದ ಬಿಡಿಸಿ ತಿಂದೆ, ಗರಗಸದಲ್ಲಿ ಕೊಯ್ದ ಕಡೆ ಬಾಯಿಟ್ಟು ಮಜ್ಜೆ ಹೀರಿದೆ. ಬರಲಿಲ್ಲ. ನೀವು ಕಲಿಸಿದ ಹಾಗೆ ತಟ್ಟೆಯ ಅಂಚಿಗೆ ಟಕ್ ಟಕ್ ಎಂದು ಕುಟ್ಟಿ ಮತ್ತೆ ಹೀರಿದೆ. ಪುಟ್ಟ ಅನನ್ಯಾ ಇಲ್ಲಿಯ ಮಕ್ಕಳ ರಾಗದ ಇಂಗ್ಲಿಷಿನಲ್ಲಿ, "ಮಮ್ಮಿ, ಡ್ಯಾಡಿಗಿಂತ ಇವಳು ಚೆನ್ನಾಗಿ ತಿಂತಾಳೆ" ಎಂದಳು.

"ಸಿಂಧೂ, ಏನಿದು?" ಆಂಟಿಯ ದನಿ ಕೇಳಿಸಿದ್ದೇ ಕಷ್ಟದಲ್ಲಿ.

ಮೂಳೆ ಕೆಳಗಿಟ್ಟೆ. "ನಮ್ಮನೆ ಊಟ ಆಂಟಿ. ನಮ್ಮದು ಮಿಲಿಟರಿ ಹೋಟೆಲು. ನಮ್ಮಜ್ಜಿ ಶುರು ಮಾಡಿದ್ದು."

"ಅದಕ್ಕೇ ಗೊತ್ತಾಯ್ತಾ ನಿಂಗೆ, ಆ ಕೊಬ್ಬು..." ಎಂದು ಅವರು ನಿಲ್ಲಿಸಿದರು.

ಅಲ್ಲಿಯವರೆಗೆ ನಾನು ಯೋಚಿಸಿದ್ದೆ ಅಪ್ಪ. ಅದರಾಚೆಯದನ್ನು ಯೋಚಿಸಿರಲಿಲ್ಲ. ಮಧುಸೂದನ ಅಂಕಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಈಗ ತಾನೇ ನಿಮ್ಮ ತಂದೆ ಹೇಳಿದ್ದು? ಹಣೆಗೆ ವಿಭೂತಿ ಇಟ್ಕೊಂಡು ಆ ಮನುಷ್ಯ ನನ್ನ ಮುಖ ನೋಡಿ ಸುಳ್ಳು ಹೇಳಿದ್ರಾ?"

ನಾನು ನಿಜ ಹೇಳಿದ್ದು ನನ್ನ ಮೇಲೆ ಬೀಳಲಿಲ್ಲ, ನಿಮ್ಮ ಮೇಲೆ ಬಿತ್ತು. ಹೃಷಿಯ ಕಡೆ ನೋಡಿದೆ. ಎಲ್ಲರೂ ನೋಡಿದರು. ಒಂದೇ ಒಂದು ಮಾತು ಸಾಕಿತ್ತು. "ನಾನೇ ಹೇಳಿಸಿದ್ದು" ಎಂದಿದ್ದರೆ ನಾನು ಅವನನ್ನು ಅಲ್ಲೇ ಕ್ಷಮಿಸಿ, ಅವನ ಪಕ್ಕದಲ್ಲಿ ಕೂತು ಬೈಗುಳವನ್ನೆಲ್ಲ ಹಂಚಿಕೊಳ್ಳುತ್ತಿದ್ದೆ. ಅವನು ಸೌತೆಕಾಯಿಯ ಚೂರನ್ನು ಫೋರ್ಕಿನಲ್ಲಿ ಅತ್ತಿತ್ತ ಸರಿಸಿದ.

"ನಂಗೂ ಗೊತ್ತಿರ್ಲಿಲ್ಲ ಅಪ್ಪ," ಎಂದ.

ನಾನು ಮೂಳೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಜನವರೀಲಿ ಕಾಲು ಸೂಪು ಎರಡು ಸಲ ಹಾಕಿಸ್ಕೊಂಡ್ಯಲ್ಲ ಹೃಷಿ, ಯಾವ ಹೋಟೆಲಲ್ಲಿ ಅಂತ ಹೇಳು," ಎಂದೆ. "ಬೆಳಗ್ಗೆ ಇಡ್ಲಿ, ಸಾಯಂಕಾಲ ದೋಸೆ ಅಂತ ನಮ್ಮಪ್ಪಂಗೆ ಬಾಯಿಪಾಠ ಮಾಡಿಸಿದ್ದು ಯಾರು ಅಂತನೂ ಹೇಳು. ನಮ್ಮಪ್ಪಂಗೆ ಸುಳ್ಳು ಹೇಳೋಕೆ ಬರಲ್ಲ. ಯಾರೋ ಕೂರಿಸ್ಕೊಂಡು ಕಲಿಸಬೇಕು."

"ಹೇಳೋ," ಎಂದರು ವಂದನಾ ತಮ್ಮನಿಗೆ, ಮೆಲ್ಲಗೆ. ಹೃಷಿ ಎದ್ದು ಬಿಲ್ಲು ಕೊಡಲು ಹೋದ. ಕನ್ನಡ ಬಾರದ ಮಾರೆಕ್ ಎಲ್ಲರ ಮುಖ ನೋಡಿ, "ಎವ್ರಿಥಿಂಗ್ ಗ್ರ್ಯಾಂಡ್?" ಎಂದು ಕೇಳಿದರು. ಕೋಟು ಹಾಕಿಕೊಂಡು ಹೊರಡುವಾಗ ಆಂಟಿ ನನ್ನ ಹತ್ತಿರ ನಿಂತರು.

"ಬ್ರೆಡ್ಡು ಬಾಯಿಗೆ ಹೋಗೋವಾಗ ನನ್ನ ಕೈ ಹಿಡ್ದೆ. ಸುಮ್ನಿದ್ದಿದ್ರೆ ನಿಂಗೇ ಒಳ್ಳೇದಿತ್ತು. ಅದನ್ನ ನಾನು ಮರೆಯಲ್ಲ," ಎಂದರು. ಕಣ್ಣಲ್ಲಿ ನೀರಿತ್ತು. "ಆದ್ರೂ ನಂಗಾಗಲ್ಲಮ್ಮ."

ಬಸ್ಸು ಬರುವ ಹಾಗಿರಲಿಲ್ಲ, ನದಿಯ ದಂಡೆಯಲ್ಲೇ ನಡೆದು ಮನೆಗೆ ಬಂದೆ. ಕೈಯಲ್ಲಿ ಇನ್ನೂ ಮಾಂಸದ ವಾಸನೆಯಿತ್ತು.

ನಿನ್ನೆ ಸೋಮವಾರ ಹೃಷಿ ಲೈಬ್ರರಿಯ ಹತ್ತಿರ ಬಂದಿದ್ದ. ರಾತ್ರಿಯೆಲ್ಲ ನಿದ್ದೆ ಮಾಡಿದವನ ಹಾಗಿರಲಿಲ್ಲ. "ಪ್ಯಾನಿಕ್ ಆಯ್ತು ಕಣೆ," ಎಂದ. ಅಪ್ಪ ಅಮ್ಮ ಇನ್ನೂ ಪೂರ್ತಿ ಬೇಡ ಎಂದಿಲ್ಲ, ಆದರೆ ಒಂದು ದಾರಿಯಿದೆ ಎಂದ. "ನಿಮ್ಮಪ್ಪ ಒಂದು ಸಲ ಫೋನ್ ಮಾಡಿ, ತಪ್ಪಾಯ್ತು, ಸುಳ್ಳು ಹೇಳಿದೆ ಅಂದ್ರೆ ಸಾಕಂತೆ. ನಿಮ್ಮಪ್ಪಂದು ದೊಡ್ಡ ಮನಸು, ಅಂತಾರೆ ಬಿಡು. ನಾನೇ ಕೇಳ್ಕೋತೀನಿ ಅವ್ರನ್ನ."

"ನೀನು ಹೇಳ್ದ್ಯಾ ಮನೇಲಿ, ನಾನೇ ಕಲ್ಸಿದ್ದು ಅಂತ?"

"ಹೇಳ್ತೀನಿ. ಈಗಲ್ಲ. ಮದುವೆ ಒಂದಾಗ್ಲಿ."

"ಹಾಗಾದ್ರೆ ಬೇಡ ಹೃಷಿ," ಎಂದೆ.

"ಒಂದು 'ಸಾರಿ' ಅನ್ನೋ ಮಾತಿಗೋಸ್ಕರ ಎಲ್ಲಾ ಬಿಡ್ತೀಯಾ?"

ಹೌದು ಎಂದೆ. ಅವನು ಹೊರಟು ಹೋದ.

ಅದಕ್ಕೇ ಅಪ್ಪ, ಅವನು ಫೋನ್ ಮಾಡಿದರೆ ಎತ್ತಬೇಡಿ ಎಂದದ್ದು. ಅವನು ಕೇಳಿದರೆ ನೀವು ಕ್ಷಮೆ ಕೇಳಿಬಿಡುತ್ತೀರಿ, ನನಗೆ ಗೊತ್ತು. ನನಗೋಸ್ಕರ ಬೇಡ. ಅವನ ತಂದೆ ತಾಯಿಯೇ ಬೆಂಗಳೂರಿಗೆ ಹೋಗಿ ಫೋನ್ ಮಾಡಿದರೂ ಬೇಡ. ಊರಿನಲ್ಲಿ ಯಾರಾದರೂ ಮದುವೆ ಏನಾಯಿತು ಎಂದರೆ, ಹುಡುಗಿಗೆ ಹುಡುಗ ಒಪ್ಪಿಗೆಯಾಗಲಿಲ್ಲ ಎಂದುಬಿಡಿ. ನನಗೆ ಅಳು ಬಂದಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ಮಳೆಯಲ್ಲಿ ನನ್ನ ಪುಸ್ತಕಗಳನ್ನು ತನ್ನ ಜಾಕೆಟ್ಟಿನೊಳಗೆ ಇಟ್ಟುಕೊಂಡು ಬರುತ್ತಿದ್ದವನು, ಅದೂ ಸುಳ್ಳಲ್ಲ. ಅಮ್ಮನಿಗೆ ಇಷ್ಟನ್ನು ನಿಧಾನವಾಗಿ ಓದಿ ಹೇಳಿ, ಒಂದೇ ಉಸಿರಿಗೆ ಬೇಡ. ನಾನು ಊಟ ಮಾಡುತ್ತಿದ್ದೇನೆ, ಕೆಲಸಕ್ಕೆ ಹೋಗುತ್ತಿದ್ದೇನೆ. ಇವತ್ತು ಅಂಗಡಿಯಿಂದ ಮಟನ್ ತಂದು ಸಾರು ಮಾಡಿದೆ. ರಾಗಿ ಹಿಟ್ಟು ಹಳೆಯದು, ಮುದ್ದೆ ಗಂಟಾಯಿತು. ಆದರೂ ಉಂಡೆ.

ನಿಮ್ಮಿಬ್ಬರ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು,
ನೀಲಮ್ಮನ ಮೊಮ್ಮಗಳು,
ಸಿಂಧು

ತಾ.ಕ.: ಇದು ಮರೆತು ಉಳಿದದ್ದಲ್ಲ ಅಪ್ಪ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಇದನ್ನು ಅಮ್ಮನಿಗೆ ಓದಬೇಡಿ. ಫೋನಿನಲ್ಲಿ ನೀವು "ನಮ್ಮವ್ವನ ಕಾಲ್ದಿಂದ್ಲೂ" ಎಂದು ಹೇಳಿ ಸ್ವಲ್ಪ ಬಾಗಿದಾಗ, ನಿಮ್ಮ ಹೆಗಲ ಹಿಂದೆ ಗೋಡೆ ಕಂಡಿತು. ನೀಲಿ ಸುಣ್ಣದ ನಡುವೆ ಒಂದು ಮಾಸದ ಚೌಕ, ಮೇಲೊಂದು ಬರೀ ಮೊಳೆ. ಅಜ್ಜಿ ಸೌಟು ಹಿಡಿದು ಸಾರಿನ ಪಾತ್ರೆಯ ಪಕ್ಕ ಕೂತ ಆ ಫೋಟೊ ಇರಲಿಲ್ಲ. ಮಾತು ಹೃಷಿ ಕಲಿಸಿದ್ದು, ಅದನ್ನು ನಾನು ಅವನ ಲೆಕ್ಕಕ್ಕೆ ಹಾಕಿದ್ದೇನೆ. ಆದರೆ ಸ್ಟೂಲು ಹತ್ತಿ ನಿಮ್ಮವ್ವನನ್ನು ಗೋಡೆಯಿಂದ ಇಳಿಸಿದ್ದು ನೀವೇ, ನಿಮ್ಮ ಕೈಯಿಂದಲೇ, ನನ್ನ ಮದುವೆಗೋಸ್ಕರ. ಆ ಮೊಳೆ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ಈ ಕಾಗದ ಮಡಿಸಿಟ್ಟು ಮೊದಲು ಫೋಟೊ ಹಾಕಿ. ಭಾನುವಾರವೂ ಹೋಟೆಲು ತೆರೆದಿತ್ತಲ್ಲ, ಗಿರಾಕಿಗಳು ಬಂದರಲ್ಲ. ಆವತ್ತು ಅಜ್ಜಿಯ ತಟ್ಟೆ ಎಲ್ಲಿಟ್ಟಿರಿ ಅಪ್ಪ?